ವಾಕೋವರ್

ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಮಾತು ತಪ್ಪದೆ ಕಾಣಿಸುತ್ತದೆ: ಇಂಥ ಪಕ್ಷ ದುರ್ಬಲ ಅಭ್ಯರ್ಥಿಯನ್ನು ನಿಲ್ಲಿಸಿ ಎದುರಾಳಿಗೆ ವಾಕೋವರ್ ಕೊಟ್ಟಿತು. ಇಂಗ್ಲಿಷ್ ಬಾರದವರ ಬಾಯಲ್ಲೂ ಈ ಪದ ಸಲೀಸು. ಅದರೊಳಗೆ ‘ವಾಕ್’, ಅಂದರೆ ನಡಿಗೆ, ಏಕೆ ಕೂತಿದೆಯೆಂದು ಕೇಳಿದವರು ಕಡಿಮೆ. ನನ್ನ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು. ತಾಲ್ಲೂಕು ಮಟ್ಟದ ಖೋ ಖೋ ಪಂದ್ಯಕ್ಕೆ ಎದುರು ತಂಡ ಬಾರದೆ ನಮ್ಮವರೇ ಗೆದ್ದರೆಂದು ಸಾರಿದ ದಿನ. “ನಾವು ನಡೆಯಲೇ ಇಲ್ಲವಲ್ಲ ಟೀಚರ್, ಕೂತೇ ಗೆದ್ದೆವು!” ಎಂದಳು. ಆ ಊರಿನ ಮಕ್ಕಳಿಗೆ ಅಂದು ಬಸ್ಸೇ ಸಿಕ್ಕಿರಲಿಲ್ಲವೆಂದು ಆಮೇಲೆ ತಿಳಿಯಿತು.

ಹುಡುಗಿಯ ಮಾತಿನಲ್ಲಿ ನ್ಯಾಯವಿತ್ತು. ಈ ಪದ ಇಂಗ್ಲೆಂಡಿನ ಕುದುರೆ ಪಂದ್ಯದ್ದು. ಕಣದಲ್ಲಿ ಒಂದೇ ಕುದುರೆ ಉಳಿದರೂ ಬಹುಮಾನ ಸುಮ್ಮನೆ ಕೈಗೆ ಬರುತ್ತಿರಲಿಲ್ಲ. ಸವಾರನನ್ನು ಹೊತ್ತು ಅದು ಪಂದ್ಯದ ದಾರಿಯನ್ನು ದಾಟಬೇಕಿತ್ತು; ಓಡಬೇಕಾಗಿಲ್ಲ, ನಡೆದರೆ ಸಾಕು. 1764ರ ಸೂರ್ಯಗ್ರಹಣದ ವೇಳೆ ಹುಟ್ಟಿ ‘ಎಕ್ಲಿಪ್ಸ್’ ಎಂದೇ ಹೆಸರು ಪಡೆದ ಕುದುರೆಯೊಂದು 1769-70ರಲ್ಲಿ ಸೋಲನ್ನೇ ಕಾಣಲಿಲ್ಲ. ಅದರೆದುರು ತಮ್ಮ ಕುದುರೆ ತರಲು ಯಾರಿಗೂ ಧೈರ್ಯವಾಗದೆ ಎಷ್ಟೋ ಪಂದ್ಯಗಳನ್ನು ಅದು ಹೀಗೆ ನಡೆದೇ ಗೆದ್ದಿತು. ಗ್ರಹಣದಲ್ಲಿ ಹುಟ್ಟಿದ್ದು ಏಳಿಗೆಯಾಗದೆನ್ನುವ ನಮ್ಮ ಅಜ್ಜಿಯಂದಿರು ಇದನ್ನು ಕೇಳಬೇಕಿತ್ತು.

ಕುದುರೆಗೇನೋ ನಾಚಿಕೆಯಿಲ್ಲ. ಮನುಷ್ಯನ ಪಾಡು ಬೇರೆ. 1908ರ ಲಂಡನ್ ಒಲಿಂಪಿಕ್ಸ್‌ನ 400 ಮೀಟರ್ ಅಂತಿಮ ಓಟದಲ್ಲಿದ್ದವರು ನಾಲ್ವರು: ಬ್ರಿಟನ್ನಿನ ವಿಂಡಮ್ ಹ್ಯಾಲ್ಸ್‌ವೆಲ್, ಉಳಿದ ಮೂವರು ಅಮೆರಿಕದವರು. ಒಬ್ಬೊಬ್ಬರಿಗೆ ಒಂದೊಂದು ಗೆರೆಯ ಪಟ್ಟಿಯೆಂಬುದು ಆ ಓಟದಲ್ಲಿ ಇರಲಿಲ್ಲ. ಕಾರ್ಪೆಂಟರ್ ಎಂಬಾತ ಹ್ಯಾಲ್ಸ್‌ವೆಲ್‌ನ ದಾರಿಗೆ ಅಡ್ಡವಾದನೆಂದು ಬ್ರಿಟಿಷ್ ತೀರ್ಪುಗಾರರು ಓಟವನ್ನೇ ರದ್ದು ಮಾಡಿ, ಅವನನ್ನು ಹೊರಗಿಟ್ಟು ಮತ್ತೆ ಓಡಬೇಕೆಂದರು. ಅಮೆರಿಕದಲ್ಲಿ ಅಂಥ ಅಡ್ಡಹಾಕುವಿಕೆಗೆ ನಿಯಮ ಇಷ್ಟು ಬಿಗಿಯಾಗಿರಲಿಲ್ಲ. ಉಳಿದ ಇಬ್ಬರು, ರಾಬಿನ್ಸ್ ಮತ್ತು ಟೇಲರ್, ಓಡಲು ಒಪ್ಪಲಿಲ್ಲ. ಜುಲೈ 25ರಂದು ಹ್ಯಾಲ್ಸ್‌ವೆಲ್ ಒಬ್ಬನೇ ಬಂದು, ಒಬ್ಬನೇ ಓಡಿ, ಸುಮಾರು 50 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಪಡೆದ. ತುಂಬಿದ ಕ್ರೀಡಾಂಗಣದಲ್ಲಿ ಪಕ್ಕದಲ್ಲಿ ಇನ್ನೊಬ್ಬನ ಉಸಿರಿಲ್ಲದೆ ಓಡುವುದು ಹೇಗಿರಬೇಕು! ಸೋತವನಿಗಿಂತ ಅವನ ಮೇಲೆಯೇ ನನಗೆ ಕನಿಕರ.

ಓಡದೆ ನಿಂತ ಜಾನ್ ಟೇಲರ್ ಕಪ್ಪು ಜನಾಂಗದವನು. ಅದೇ ಕೂಟದ ರಿಲೇಯಲ್ಲಿ ಗೆದ್ದು, ಒಲಿಂಪಿಕ್ ಚಿನ್ನ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಆದ. ಆ ಡಿಸೆಂಬರಿನಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಾಗ ಅವನಿಗೆ 26 ವರ್ಷ. ಹ್ಯಾಲ್ಸ್‌ವೆಲ್ 1915ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಗುಂಡಿಗೆ ಬಲಿಯಾದ.

ಇಂಗ್ಲಿಷಿನ ಪದ ನಡೆದು ಗೆದ್ದವನ ಕಡೆ ನೋಡಿದರೆ, ‘ವಾಕೋವರ್ ಕೊಟ್ಟರು’ ಎನ್ನುವ ನಮ್ಮ ಮಾತು ಬಿಟ್ಟುಕೊಟ್ಟವನ ಕಡೆ ನೋಡುತ್ತದೆ. ಹಾಗೆ ನೋಡಿದಾಗ ನನಗೆ ನೆನಪಾಗುವುದು 1974. ಆ ವರ್ಷ ಭಾರತ ಸೋವಿಯತ್ ತಂಡವನ್ನು ಸೋಲಿಸಿ ಡೇವಿಸ್ ಕಪ್ ಟೆನ್ನಿಸ್‌ನ ಅಂತಿಮ ಹಂತ ಮುಟ್ಟಿತ್ತು. ಎದುರಿಗಿದ್ದದ್ದು ವರ್ಣಭೇದವನ್ನೇ ಕಾನೂನಾಗಿಸಿಕೊಂಡಿದ್ದ ದಕ್ಷಿಣ ಆಫ್ರಿಕ. ಆಡುವುದಿಲ್ಲವೆಂದು ನಮ್ಮ ಸರ್ಕಾರ ತೀರ್ಮಾನಿಸಿತು. ವಿಜಯ್ ಮತ್ತು ಆನಂದ್ ಅಮೃತರಾಜ್ ಸೋದರರು ಆಗ ಇಪ್ಪತ್ತರ ಆಸುಪಾಸಿನ ಹುಡುಗರು. ಕಪ್ಪು ಕೈಗೆಟುಕುವಷ್ಟು ಹತ್ತಿರವಿತ್ತು. ದಕ್ಷಿಣ ಆಫ್ರಿಕ ಚೆಂಡನ್ನೇ ಮುಟ್ಟದೆ ಅದನ್ನು ಪಡೆಯಿತು. ಅದಕ್ಕೆ ಮೊದಲು 1966ರಲ್ಲಿ, ಆಮೇಲೆ 1987ರಲ್ಲಿ ಭಾರತ ಅಂತಿಮ ಪಂದ್ಯವಾಡಿ ಸೋತಿತು. ಆ ಕಪ್ಪು ಇನ್ನೂ ನಮ್ಮ ಮನೆಗೆ ಬಂದಿಲ್ಲ.