ಖಜಾನೆಯಿಂದ ಕೊಪ್ಪಳದ ಕೋಟೆಗೆ

ಮೊನ್ನೆ ಕುಡತಿನಿಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಅವಳ ಮಗ ಅಮೆರಿಕದ ಚಿತ್ರವೊಂದನ್ನು ಹಚ್ಚಿ ಕುಳಿತ. ಶತ್ರುಗಳು ಅಧ್ಯಕ್ಷರ ಶ್ವೇತಭವನಕ್ಕೇ ನುಗ್ಗುತ್ತಾರೆ. ಒಳಗೆ ಸಿಕ್ಕಿಕೊಂಡ ಒಬ್ಬನೇ ವೀರ ಅವರನ್ನೆಲ್ಲ ಉರುಳಿಸುತ್ತಾನೆ. 2013ರ ಒಂದೇ ವರ್ಷದಲ್ಲಿ ‘ಒಲಿಂಪಸ್ ಹ್ಯಾಸ್ ಫಾಲನ್’, ‘ವೈಟ್ ಹೌಸ್ ಡೌನ್’ ಎಂದು ಇದೇ ಬಗೆಯ ಎರಡು ಚಿತ್ರಗಳು ಬಂದವು. ಒಂದೇ ಮನೆಗೆ ವರ್ಷದಲ್ಲಿ ಎರಡು ಸಲ ದಾಳಿ, ಪಾಪ! “ನಮ್ಮ ಕಡೆ ಇಂಥದ್ದು ನಡೆದೇ ಇಲ್ಲೇನು ಮಾಮಾ?” ಎಂದು ಹುಡುಗ ಕೇಳಿದ.

ನಡೆದಿದೆ, ಅದೂ ಬಹಳ ದೂರದಲ್ಲಲ್ಲ. ಅವನ ಮನೆಯ ಮುಂದಿನ ಹಾದಿಯನ್ನೇ ಹಿಡಿದು ಹೊಸಪೇಟೆ ದಾಟಿದರೆ ಕೊಪ್ಪಳ.

ವಾಚಕರು ಆ ಕಾಲದ ನಕ್ಷೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಬಳ್ಳಾರಿ ಸೀಮೆ ಮದರಾಸಿಗೆ ಸೇರಿತ್ತು. ಧಾರವಾಡ ಜಿಲ್ಲೆ, ಅದರೊಳಗಿನ ಮುಂಡರಗಿ, ಡಂಬಳಗಳೊಡನೆ ಮುಂಬಯಿಗೆ ಸೇರಿತ್ತು. ಕೊಪ್ಪಳ ನಿಜಾಮನದಾಗಿಯೇ ಉಳಿದಿತ್ತು. ಒಂದೇ ಮಾತಾಡುವ, ಒಂದೇ ತುಂಗಭದ್ರೆಯ ನೀರು ಕುಡಿಯುವ ಜನಕ್ಕೆ ಮೂರು ಸರ್ಕಾರ! ಒಂದು ಸರ್ಕಾರದ ಮೇಲೆ ತಿರುಗಿಬಿದ್ದವನು ಗಡಿ ದಾಟಿ ಇನ್ನೊಂದರ ನೆಲದಲ್ಲಿ ನೆಲೆ ಹುಡುಕುವುದು ಸಹಜವೇ ಆಗಿತ್ತು.

1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧಗಳನ್ನು ಕಸಿಯುವ ಕಾಯಿದೆ ತಂದಿತು. ಅದಕ್ಕೆ ಒಪ್ಪದ ಹಲಗಲಿಯ ಬೇಡರು ಆ ವರ್ಷವೇ ಬಂಡೆದ್ದು ನೆಲಕಚ್ಚಿದರು. ಆದರೂ ಬೆಂಕಿ ಆರಲಿಲ್ಲ. ಮುಂದಿನ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯನು, ಹಮ್ಮಿಗೆಯ ಕೆಂಚನಗೌಡನನ್ನು ಜೊತೆಗೂಡಿ, ಡಂಬಳದ ಸರ್ಕಾರಿ ಖಜಾನೆಯ ಮೇಲೆ ಬಿದ್ದ.

ಅರಮನೆಯಲ್ಲ, ದಂಡಿನ ಠಾಣ್ಯವಲ್ಲ, ಖಜಾನೆ! ಹಳ್ಳಿಯ ರೈತನಿಗೆ ಸರ್ಕಾರವೆಂದರೆ ಅದೇ ತಾನೆ? ರಾಣಿಯ ಮುಖವನ್ನು ಅವನು ನಾಣ್ಯದಲ್ಲಿ ಕಂಡಿದ್ದ, ಆ ನಾಣ್ಯ ಕಂದಾಯವಾಗಿ ಹೋಗಿ ಸೇರುತ್ತಿದ್ದುದು ಆ ಕಟ್ಟಡಕ್ಕೆ. ಇದನ್ನು ಬರಿಯ ಲೂಟಿಯೆಂದು ಬರೆದಿಟ್ಟವರ ಮಾತನ್ನು ನಾನು ಒಪ್ಪಲಾರೆ. ಹಾಗೆಂದು ಎಲ್ಲವೂ ನಿರ್ಮಲವಾಗಿತ್ತೆಂದೂ ಹೇಳಲಾರೆ. ಬಂಡಾಯಗಾರರನ್ನು ಹಿಡಿಯಹೊರಟ ಕಂಪನಿಯ ಪಡೆಗಳಲ್ಲಿ ಬಂದೂಕು ಹೊತ್ತು ನಡೆದ ಸಿಪಾಯಿಗಳೂ ಈ ದೇಶದವರೇ. ಚಿತ್ರದಲ್ಲಿ ಶತ್ರು ಯಾರೆಂದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ, ಇಲ್ಲಿ ಆ ಅನುಕೂಲವಿಲ್ಲ.

ಭೀಮರಾಯ ಗಡಿ ದಾಟಿ ಕೊಪ್ಪಳದ ಕೋಟೆಯನ್ನು ಹಿಡಿದ. ಆಯ್ಕೆಯೇನೋ ಸರಿಯಾಗಿಯೇ ಇತ್ತು. ಬಂಡೆಗಲ್ಲಿನ ಗುಡ್ಡದ ಮೇಲೆ ನಿಂತ ಆ ಕೋಟೆಯನ್ನು ಟೀಪೂ ಸುಲ್ತಾನ್ ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ್ದ. 1790ರಲ್ಲಿ ಇಂಗ್ಲಿಷರೂ ನಿಜಾಮನ ದಂಡೂ ಕೂಡಿ ಮುತ್ತಿದಾಗ ಅದು ಸುಮಾರು ಆರು ತಿಂಗಳು ಬಗ್ಗದೆ ನಿಂತಿತ್ತು. ತರುಣ ಅಧಿಕಾರಿಯಾಗಿ ಆ ಮುತ್ತಿಗೆಯಲ್ಲಿದ್ದ ಜಾನ್ ಮಾಲ್ಕಂ, ತಾನು ಇಂಡಿಯಾದಲ್ಲಿ ಕಂಡ ಕೋಟೆಗಳಲ್ಲೆಲ್ಲ ಅತ್ಯಂತ ಬಲವಾದದ್ದು ಇದೆಂದು ಮುಂದೆ ಹೊಗಳಿದ್ದಾನೆ.

ಆದರೆ 1858ರಲ್ಲಿ ಅದೇ ಕೋಟೆ ಕೆಲವೇ ದಿನಗಳೂ ಬಾಳಲಿಲ್ಲ. ಬಳ್ಳಾರಿಯ ಕಡೆಯಿಂದ ಮೇಜರ್ ಹ್ಯೂಸ್ ದಂಡು ತಂದ. ಜೂನ್ 1ರಂದು ಕೋಟೆ ಬಿತ್ತು. ಭೀಮರಾಯ, ಕೆಂಚನಗೌಡ ಇಬ್ಬರೂ ಅಲ್ಲೇ ಮಡಿದರು. ಟೀಪೂವಿನ ಕಾಲದಲ್ಲಿ ಒಳಗಿದ್ದದ್ದು ಪಳಗಿದ ದಂಡು, ಕೂಡಿಟ್ಟ ಕಾಳು, ಮದ್ದು, ತೋಪು, ಹಿಂದೆ ಒಂದು ರಾಜ್ಯ. ಈಗ ಒಳಗಿದ್ದದ್ದು ಹಳ್ಳಿಗಳಿಂದ ಎದ್ದು ಬಂದ ಜನ. ಗೋಡೆ ಎರಡು ಸಲವೂ ಅದೇ ಗೋಡೆ.

ಅವರು ನಂಬಿದ್ದ ನೆರವೂ ಹೊತ್ತಿಗೆ ಒದಗಲಿಲ್ಲ. ಕೊಪ್ಪಳ ಬೀಳುವ ಮೂರು ದಿನ ಮೊದಲು, ಮೇ 29ರ ರಾತ್ರಿ, ನರಗುಂದದ ಬಾಬಾಸಾಹೇಬನ ಕಡೆಯವರು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು ಅವನ ತಲೆಯನ್ನು ನರಗುಂದಕ್ಕೆ ಒಯ್ದಿದ್ದರು. ಆದರೆ ಒಂದು ಬಂಡಾಯ ಇನ್ನೊಂದರ ಕೈಹಿಡಿಯುವ ಮೊದಲೇ ಎರಡೂ ಮುಗಿದುಹೋದವು. ಜೂನ್ ಮೊದಲ ವಾರದೊಳಗೆ ನರಗುಂದವೂ ಬಿತ್ತು. ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಹುಡುಗ ಚಿತ್ರವನ್ನು ನಿಲ್ಲಿಸಿ ಕೇಳುತ್ತಿದ್ದ. “ಕೋಟಿಯೊಳಗಿದ್ದ ಉಳಿದವರು ಏನಾದರು ಮಾಮಾ?” ಎಂದ. ಹಲವರು ಸತ್ತರು, ಉಳಿದವರು ಸೆರೆಯಾದರು ಎಂದೆ. “ಅವರ ಹೆಸರು?” ಎಂದ. ತಂಗಿ ಒಳಗಿನಿಂದ ಚಹಾ ತಂದಿಟ್ಟಳು. ಬರುವ ಭಾನುವಾರ ಕೊಪ್ಪಳಕ್ಕೆ ಹೋಗಿ ಗುಡ್ಡ ಹತ್ತೋಣವೆಂದು ಮಾತಾಯಿತು.