ಕಂಟ್ರೋಲರ್ ಹ್ಯಾಂಗ್ ಆದಾಗ ಹೀಟರ್ ಏನು ಮಾಡುತ್ತದೆ?

ಪರ್ಕಳದಿಂದ ಕಾರ್ಕಳದ ಕಡೆ ಹೋದರೆ ಗೇರುಬೀಜದ ಕಾರ್ಖಾನೆಗಳು, ಮಲ್ಪೆಯ ಕಡೆ ಇಳಿದರೆ ಐಸ್ ಪ್ಲಾಂಟುಗಳು. ಅಲ್ಲಿ ಗೇರುತಿರುಳು ಒಣಗಲು ಬಿಸಿ ಬೇಕು, ಇಲ್ಲಿ ಮೀನು ಕೆಡದಿರಲು ತಂಪು. ಹದ ತಪ್ಪಿದರೆ ಎರಡೂ ಕಡೆ ನಷ್ಟ. ಈ ಹದ ಕಾಯುವ ಕೆಲಸ ಈಗ ಸಣ್ಣ ಚಿಪ್ಪುಗಳ ಪಾಲಿಗೆ ಬಂದಿದೆ. ಅವು ನಡುವೆ ಹ್ಯಾಂಗ್ ಆಗುವುದು, ತಾವಾಗಿ ರಿಸೆಟ್ ಆಗುವುದು ಯಾಕೆ ಎಂಬ ಪ್ರಶ್ನೆಗೂ ಒಂದು ಚರಿತ್ರೆಯಿದೆ.

ಅಮೆರಿಕದ ವಾರನ್ ಜಾನ್ಸನ್ 1883ರಲ್ಲಿ ವಿದ್ಯುತ್ ಥರ್ಮೋಸ್ಟಾಟ್‌ಗೆ ಪೇಟೆಂಟ್ ಪಡೆದರು. ಆಮೇಲೆ ಬಹುಕಾಲ ಈ ಕೆಲಸ ಮಾಡಿದ್ದು ಬಿಸಿಗೆ ಬಾಗುವ ಲೋಹದ ಪಟ್ಟಿಗಳು. ಅವುಗಳ ಕಾಂಟ್ಯಾಕ್ಟ್ ಸುಟ್ಟುಹೋಗುತ್ತಿತ್ತು, ಅಂಟಿಕೊಳ್ಳುತ್ತಿತ್ತು. ಆದರೆ ಪ್ರೋಗ್ರಾಮೇ ಇಲ್ಲದ ಕಡೆ ಹ್ಯಾಂಗ್ ಆಗುವ ಮಾತೆಲ್ಲಿ? 1980ರಲ್ಲಿ ಇಂಟೆಲ್ 8051 ಎಂಬ ಕಂಟ್ರೋಲರ್ ಚಿಪ್ ಬಂದ ಮೇಲೆ ಚಿತ್ರ ಬದಲಾಯಿತು. 1957ರ ಮಣಿಪಾಲದ ಎಂ.ಐ.ಟಿ., 1986ರ ನಿಟ್ಟೆಯಂಥ ಕಾಲೇಜುಗಳಿರುವ ನಮ್ಮ ಸೀಮೆಗೆ ಈ ಚಿಪ್ ಅಪರಿಚಿತವಲ್ಲ. ಮೂಲ 8051ರಲ್ಲಿ ವಾಚ್‌ಡಾಗ್ ಟೈಮರ್ ಇರಲಿಲ್ಲ. ನಿಗದಿತ ಅವಧಿಯೊಳಗೆ ಪ್ರೋಗ್ರಾಮಿನಿಂದ ಸೂಚನೆ ಬಾರದಿದ್ದರೆ ಚಿಪ್ಪನ್ನು ರಿಸೆಟ್ ಮಾಡುವ ಗಡಿಯಾರ ಅದು. ಅದೇ ಕುಟುಂಬದ ಎಟಿ89ಸಿ51ರಲ್ಲೂ ಇರಲಿಲ್ಲ, ಎಟಿ89ಎಸ್52ರಲ್ಲಿ ಬಂತು.

ಆ ಗಡಿಯಾರದ ಬೆಲೆ ತಿಳಿಸಿದ್ದು ಎರಡು ಗಗನನೌಕೆಗಳು. 1994ರ ಮೇ 7ರಂದು ಕ್ಲೆಮೆಂಟೈನ್ ನೌಕೆಯ ಕಂಪ್ಯೂಟರ್ ಹ್ಯಾಂಗ್ ಆಯಿತು; ಥ್ರಸ್ಟರ್‌ಗಳು ಇಂಧನ ತೀರುವವರೆಗೂ ಉರಿದವು. ಆನ್ ಆದ ರಿಲೇಯನ್ನು ಆಫ್ ಮಾಡುವವರಿಲ್ಲದೆ ಉರಿಯುವ ಹೀಟರಿನ ಕತೆಯೂ ಇದೇ. 1997ರಲ್ಲಿ ಮಂಗಳನ ಮೇಲಿಳಿದ ಪಾಥ್‌ಫೈಂಡರ್ ಮಾತ್ರ ಮತ್ತೆ ಮತ್ತೆ ರಿಸೆಟ್ ಆಗಿ ಬದುಕುಳಿಯಿತು. ಎಂಜಿನಿಯರುಗಳು ಅಷ್ಟಕ್ಕೇ ಬಿಡದೆ, ಭೂಮಿಯಲ್ಲಿದ್ದ ಅದರ ಜೋಡಿಯಲ್ಲಿ ದೋಷವನ್ನು ಮರುಸೃಷ್ಟಿಸಿದರು. ಮುಖ್ಯ ಕೆಲಸವೊಂದು ಕಡಿಮೆ ಆದ್ಯತೆಯ ಕೆಲಸಕ್ಕೆ ಕಾದು ಕೂತದ್ದನ್ನು ಕಂಡುಹಿಡಿದು ಸರಿಪಡಿಸಿದರು. ರಿಸೆಟ್ ಪ್ರಾಣ ಉಳಿಸುತ್ತದೆ, ರೋಗ ವಾಸಿ ಮಾಡುವುದಿಲ್ಲ.

2005ರಲ್ಲಿ ಆರ್ಡುಯಿನೋ ಬೋರ್ಡ್ ಬಂದ ಮೇಲೆ ಕಂಟ್ರೋಲರ್ ಕಟ್ಟುವುದು ವಿದ್ಯಾರ್ಥಿಗಳಿಗೂ ವರ್ಕ್‌ಶಾಪಿನವರಿಗೂ ಸುಲಭವಾಯಿತು. ದೂರು ಮಾತ್ರ ಹಳೆಯದೇ: ರಿಲೇ ಟಕ್ ಎಂದೊಡನೆ ಡಿಸ್‌ಪ್ಲೇಯಲ್ಲಿ ಕಸದಂಥ ಅಕ್ಷರ, ಅಥವಾ ಎಲ್ಲವೂ ಮೊದಲಿನಿಂದ. ಇಂಥ ಕಡೆ ಪ್ರೋಗ್ರಾಮಿಗಿಂತ ಮೊದಲು ಕರೆಂಟನ್ನು ಸಂಶಯಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಕಾಯಿಲ್ ಆಫ್ ಆಗುವಾಗ ಅದರಲ್ಲಿದ್ದ ಶಕ್ತಿ ಹಿಮ್ಮುಖ ವೋಲ್ಟೇಜಾಗಿ ಚಿಮ್ಮುತ್ತದೆ. ಡಿಸಿ ರಿಲೇಗೆ ಡಯೋಡ್, ಎಸಿ ಕಾಂಟ್ಯಾಕ್ಟರಿಗೆ ರೆಸಿಸ್ಟರ್ ಮತ್ತು ಕೆಪಾಸಿಟರ್ ಸೇರಿಸಿದ ಸ್ನಬ್ಬರ್ ಇರಲೇಬೇಕು. ರಿಲೇ ಬೋರ್ಡಿಗೂ ಚಿಪ್ಪಿಗೂ ಒಂದೇ ಸಪೂರ ವೈರಿನಿಂದ 5 ವೋಲ್ಟ್ ಕೊಟ್ಟರೆ ರಿಲೇ ಎಳೆದ ಕ್ಷಣ ಚಿಪ್ಪಿಗೆ ವೋಲ್ಟೇಜ್ ಕುಸಿಯುತ್ತದೆ. ಪರೀಕ್ಷೆ ಸರಳ: ಹೀಟರ್ ಮತ್ತು ಕಾಂಟ್ಯಾಕ್ಟರನ್ನು ಬಿಡಿಸಿ, ರಿಲೇಗೆ ಒಂದು ಬಲ್ಬ್ ಮಾತ್ರ ಹಾಕಿ ಓಡಿಸಿ. ತೊಂದರೆ ಮಾಯವಾದರೆ ಕೋಡ್ ಬಿಟ್ಟು ವೈರಿಂಗ್ ನೋಡಿ.

ಕರಾವಳಿಯಲ್ಲಿ ಇನ್ನೂ ಎರಡು ಕಾರಣ ಸೇರುತ್ತವೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವಲ್ಲಿ, ಸಮುದ್ರದ ಉಪ್ಪುಗಾಳಿಗೆ ಕನೆಕ್ಟರುಗಳು ಹಸಿರುಗಟ್ಟುತ್ತವೆ. ಸೆನ್ಸರ್ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಮಳೆಗಾಲದ ಹಿಂದು ಮುಂದಿನ ಸಂಜೆಗಳಲ್ಲಿ ಸಿಡಿಲು ಲೈನಿನ ಮೂಲಕವೂ, ಉದ್ದದ ಸೆನ್ಸರ್ ವೈರಿನ ಮೂಲಕವೂ ಒಳನುಗ್ಗುತ್ತದೆ. ಡಿಎಸ್18ಬಿ20 ಸೆನ್ಸರ್ ಇದ್ದಕ್ಕಿದ್ದಂತೆ 85 ಡಿಗ್ರಿ ತೋರಿಸಿದರೆ ಅದು ನಿಜವಾದ ಬಿಸಿಯಾಗಿರದೆ, ಸೆನ್ಸರಿಗೆ ಕರೆಂಟು ತಪ್ಪಿ ಮತ್ತೆ ಬಂದ ಗುರುತಾಗಿರಬಹುದು.

ಪೂರ್ತಿ ಹ್ಯಾಂಗ್ ಆಗುವುದು ಬೇರೆ ಜಾತಿ. ಸೆನ್ಸರ್ ಅಥವಾ ಡಿಸ್‌ಪ್ಲೇಯಿಂದ ಉತ್ತರಕ್ಕಾಗಿ ಪ್ರೋಗ್ರಾಮ್ ಕೊನೆಯಿಲ್ಲದೆ ಕಾಯುತ್ತಿರಬಹುದು. ಪ್ರತಿ ಕಾಯುವಿಕೆಗೂ ಗಡುವು ಹಾಕಬೇಕು. ಗಂಟೆಗಟ್ಟಲೆ ಓಡಿ ನಿಂತರೆ ಮೆಮೊರಿ ನೋಡಿ: ಎಟಿಮೆಗಾ328 ಚಿಪ್ಪಿನಲ್ಲಿ ಇರುವುದೇ 2 ಕೆಬಿ ರ‍್ಯಾಮ್. 49.7 ದಿನಕ್ಕೊಮ್ಮೆ ಎಡವಟ್ಟಾದರೆ, ಸೊನ್ನೆಗೆ ಮರಳಿದ ಮಿಲಿಸೆಕೆಂಡ್ ಎಣಿಕೆಯನ್ನು ಕೋಡ್ ತಪ್ಪಾಗಿ ಹೋಲಿಸುತ್ತಿದೆ.

ಈ ಕ್ಷೇತ್ರ ಮುಂದೆ ಬಂದಿರುವುದು ನಿಜ. ಕರೆಂಟು ಹೊಸದಾಗಿ ಬಂತೋ, ವೋಲ್ಟೇಜ್ ಕುಸಿಯಿತೋ, ವಾಚ್‌ಡಾಗ್ ಕಚ್ಚಿತೋ ಎಂಬುದನ್ನು ಎಟಿಮೆಗಾದ ಎಂಸಿಯುಎಸ್‌ಆರ್ ರಿಜಿಸ್ಟರ್ ನೆನಪಿಟ್ಟುಕೊಳ್ಳುತ್ತದೆ. 2016ರ ಇಎಸ್‌ಪಿ32 ಕೂಡ ಕಾರಣ ಹೇಳುತ್ತದೆ. ಪ್ರೋಗ್ರಾಮ್ ಶುರುವಾದೊಡನೆ ಅದನ್ನು ಓದಿ ದಾಖಲಿಸಿದರೆ ಅರ್ಧ ಹುಡುಕಾಟ ಮುಗಿಯಿತು. ವಾಚ್‌ಡಾಗ್‌ಗೆ ಸೂಚನೆ ಕೊಡುವ ಸಾಲನ್ನು ಟೈಮರ್ ಇಂಟರಪ್ಟಿನೊಳಗೆ ಬರೆಯುವುದು ಮಾತ್ರ ದೊಡ್ಡ ತಪ್ಪು: ಮುಖ್ಯ ಪ್ರೋಗ್ರಾಮ್ ಸತ್ತರೂ ಇಂಟರಪ್ಟ್ ಬದುಕಿದ್ದು ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ.

ಇಷ್ಟೆಲ್ಲ ಮಾಡಿದರೂ ರಿಲೇಯ ಕಾಂಟ್ಯಾಕ್ಟ್ ಬೆಸೆದುಹೋದರೆ ಯಾವ ಕೋಡೂ ಅದನ್ನು ಬಿಡಿಸಲಾರದು. ಆದ್ದರಿಂದ ಹೀಟರ್ ಇರುವ ಯಾವುದೇ ಯಂತ್ರ ಕಟ್ಟುವವರು, ಚಿಪ್ಪಿಗೆ ಸಂಬಂಧವೇ ಇಲ್ಲದ ಯಾಂತ್ರಿಕ ಥರ್ಮಲ್ ಕಟೌಟ್ ಒಂದನ್ನು ಹೀಟರಿನ ಲೈನಿನಲ್ಲಿ ಸರಣಿಯಾಗಿ ಹಾಕಿ, ಅದು ಕಡಿಯುತ್ತದೆಯೇ ಎಂದು ಬಿಸಿಮಾಡಿ ನೋಡಿದ ಮೇಲೆಯೇ ಯಂತ್ರವನ್ನು ಗಿರಾಕಿಗೆ ಕೊಡಿ.