ಪಿ.ಪಿ. ಹೇಳಿ ಬರದ ಫೋನು ನಂಬ್ರ

ಒಂದು 30-35 ವರ್ಷ ಹಿಂದಾಣ ಮದುವೆ ಹೇಳಿಕೆ ಕಾಗದ ನಿಂಗಳ ಕಪಾಟಿನ ಅಡಿಲಿ ಎಲ್ಲಿಯಾದರೂ ಇದ್ದರೆ ತೆಗದು ನೋಡಿ. ಕರೆಲಿ ಒಂದು ಫೋನು ನಂಬ್ರ ಇಕ್ಕು, ಅದರ ಹತ್ತರೆ ಪಿ.ಪಿ. ಹೇಳಿ ಎರಡು ಅಕ್ಷರ ಇಕ್ಕು. ಎನ್ನ ಸೊಸೆ ಹಾಂಗಿಪ್ಪ ಕಾಗದ ನೋಡಿ “ಅತ್ತೇ, ಈ ಪಿ.ಪಿ. ಹೇಳಿರೆ ಆರು?” ಹೇಳಿ ಕೇಳಿತ್ತು. ಅದು ಆರೂ ಅಲ್ಲ. ಫೋನು ಎಂಗಳದ್ದಲ್ಲ, ನೆರೆಕರೆಯವರದ್ದು, ಅಲ್ಲಿಗೆ ಮಾಡಿರೆ ಅವು ಎಂಗಳ ದೆನಿಗೇಳ್ತವು ಹೇಳಿ ಅದರ ಅರ್ಥ. ಟ್ರಂಕ್ ಕಾಲ್ ಇಪ್ಪ ಕಾಲಲ್ಲಿ ‘ಪರ್ಟಿಕ್ಯುಲರ್ ಪರ್ಸನ್’ ಹೇಳಿ ಒಂದು ನಮೂನೆ ಕಾಲ್ ಇತ್ತಿದ್ದು. ಇಂಥವೇ ಫೋನಿಂಗೆ ಬರೆಕ್ಕು ಹೇಳಿ ಬುಕ್ ಮಾಡಿರೆ, ಆ ಜೆನ ಬಂದ ಮತ್ತೆಯೇ ಲೈನು ಕೊಡುಗು. ಅದಕ್ಕೆ ರಜ ಪೈಸೆ ಹೆಚ್ಚು. ಆ ಹೆಸರೇ ಮತ್ತೆ ನೆರೆಕರೆ ಫೋನಿಂಗೂ ಅಂಟಿತ್ತು.

ಈ ಫೋನು ಹೇಳುವ ಸಾಮಾನು ನಮ್ಮ ಹೆಮ್ಮಕ್ಕಳ ಬದುಕಿಲಿ ಎಂತೆಲ್ಲ ಮಾಡಿತ್ತು ಹೇಳಿ ಆರೂ ಸರಿಯಾಗಿ ಬರದ್ದವಿಲ್ಲೆ ಹೇಳಿ ಎನಗೆ ಕಾಣ್ತು. ಹಾಂಗಾಗಿ ಎನಗೆ ಗೊಂತಿಪ್ಪಷ್ಟು ಆನು ಬರೆತ್ತೆ.

ಗ್ರಹಾಂ ಬೆಲ್ 1876ರಲ್ಲಿ ಫೋನು ಕಂಡುಹಿಡುದ ಹೇಳಿ ಶಾಲೆಲಿ ಎಲ್ಲೋರೂ ಬಾಯಿಪಾಠ ಮಾಡಿದ್ದು. ಆದರೆ ಅವನ ಅಬ್ಬಗೆ ಕೆಮಿ ಸರಿ ಕೇಳಿಂಡಿತ್ತಿಲ್ಲೆ, ಹೆಂಡತಿಗೆ ಸಣ್ಣಾದಿಪ್ಪಗಳೇ ಕೆಮಿ ಹೋಗಿತ್ತು ಹೇಳಿ ಪುಸ್ತಕಲ್ಲಿ ಇತ್ತಿಲ್ಲೆ. ಅವ ಕೆಮಿ ಕೇಳದ್ದ ಮಕ್ಕೊಗೆ ಪಾಠ ಹೇಳಿಕೊಡುವ ಮಾಷ್ಟ್ರ. ಫೋನು ತೆಗದರೆ “ಅಹೋಯ್” ಹೇಳೆಕ್ಕು ಹೇಳಿ ಅವಂಗೆ ಇತ್ತಿದ್ದು, ಅದು ಹಡಗಿನವು ದೆನಿಗೇಳುವ ಶಬ್ದ. “ಹಲೋ” ಹೇಳುವ ಸಲಹೆ ಎಡಿಸನ್ನಂದು, ಅದುವೇ ನಿಂದತ್ತು.

ಸುರುವಿಂಗೆ ಎಕ್ಸ್‌ಚೇಂಜಿಲಿ ಲೈನು ಜೋಡುಸುವ ಕೆಲಸಕ್ಕೆ ಮಾಣಿಯಂಗಳ ಮಡಿಕ್ಕೊಂಡವು. ಅವು ಫೋನು ಮಾಡಿದವರ ಹತ್ರೆಯೇ ಜಗಳ ಮಾಡುಗು, ಬೈಗು, ಕುಶಾಲು ಮಾಡುಗು. ಕಡೆಂಗೆ 1878ರ ಸೆಪ್ಟೆಂಬರ 1ಕ್ಕೆ ಬೋಸ್ಟನ್ನಿಲಿ ಎಮ್ಮಾ ನಟ್ ಹೇಳುವ ಕೂಸಿನ ಕೆಲಸಕ್ಕೆ ತೆಕ್ಕೊಂಡವು. ಅದೇ ದಿನ ಅದರ ತಂಗೆಯೂ ಸೇರಿತ್ತು. ಅದರ ತಾಳ್ಮೆ, ಮೆಲ್ಲಂಗೆ ಮಾತಾಡುವ ಕ್ರಮ ಜೆನಂಗೊಕ್ಕೆ ಎಷ್ಟು ಹಿಡುಸಿತ್ತು ಹೇಳಿರೆ ಮತ್ತೆ ಎಲ್ಲ ಕಡೆಯೂ ಕೂಸುಗಳನ್ನೇ ತೆಕ್ಕೊಂಬಲೆ ಸುರು ಮಾಡಿದವು. ಆದರೆ ಮದುವೆ ಆದರೆ ಹೆಚ್ಚಿನ ಕಡೆ ಕೆಲಸ ಬಿಡೆಕ್ಕಾಗಿತ್ತು. ತಾಳ್ಮೆ ಮದುವೆ ಆದ ಮತ್ತೆಯೇ ಹೆಚ್ಚಪ್ಪದು ಹೇಳಿ ಅವಕ್ಕೆ ಆರೂ ಹೇಳಿದ್ದವಿಲ್ಲೆ ಆಯಿಕ್ಕು.

ನಂಬ್ರ ತಿರುಗುಸುವ ಫೋನು ಬಂದದರ ಹಿಂದೆಯೂ ಒಂದು ಹೆಮ್ಮಕ್ಕಳ ಕತೆ ಹೇಳ್ತವು. ಅಮೆರಿಕದ ಕಾನ್ಸಾಸ್ ಸಿಟಿಲಿ ಸ್ಟ್ರೋಜರ್ ಹೇಳುವವಂಗೆ ಹೆಣದ ಕಾರ್ಯಕ್ಕೆ ಏರ್ಪಾಡು ಮಾಡುವ ವ್ಯಾಪಾರ. ಎಕ್ಸ್‌ಚೇಂಜಿಲಿ ಕೂದೊಂಡಿಪ್ಪ ಹೆಮ್ಮಕ್ಕೊ ಅವನ ಎದುರಾಳಿ ವ್ಯಾಪಾರಿಯ ಹೆಂಡತಿ ಅಡ, ಅವಂಗೆ ಬಪ್ಪ ಕಾಲ್‌ಗಳ ಎಲ್ಲ ಗೆಂಡಂಗೆ ತಿರುಗುಸಿಂಡಿತ್ತಡ. ಕೋಪ ಬಂದು ಮಧ್ಯಲ್ಲಿ ಮನುಷ್ಯರೇ ಬೇಡದ್ದ ಮಿಶನು ಮಾಡಿದ, 1891ರಲ್ಲಿ ಪೇಟೆಂಟೂ ತೆಕ್ಕೊಂಡ. ಕತೆ ಎಷ್ಟು ಸತ್ಯವೋ, ಮಿಶನಂತೂ ಸತ್ಯ, ಲೋಕಲ್ಲಿಡೀ ಹೋತು.

ನಮ್ಮ ದೇಶಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸಿಲಿ 1882ರಲ್ಲೇ ಎಕ್ಸ್‌ಚೇಂಜು ಬಯಿಂದು. ಆದರೆ ಅದು ದೊರೆಗೊಕ್ಕೆ, ದೊಡ್ಡ ವ್ಯಾಪಾರಿಗೊಕ್ಕೆ. ಸ್ವಾತಂತ್ರ್ಯ ಬಂದ ಮತ್ತೆ 1948ರಲ್ಲಿ ಬೆಂಗ್ಳೂರಿಲಿ ಐ.ಟಿ.ಐ. ಕಾರ್ಖಾನೆ ಆತು. ಆ ಕಪ್ಪು ಬಣ್ಣದ, ಎತ್ತಿರೆ ಕೈ ಬೇನೆ ಅಪ್ಪಷ್ಟು ಭಾರದ ಫೋನು ಇತ್ತಲ್ಲದಾ, ಅದರ ಮಾಡಿಂಡಿತ್ತಿದ್ದು ಅಲ್ಲಿ. ಆ ಜಾಗೆಗೆ ದೂರವಾಣಿನಗರ ಹೇಳಿಯೇ ಹೆಸರು. ಟ್ರಂಕ್ ಕಾಲ್ ಬುಕ್ ಮಾಡದ್ದೆ ಸೀದ ನಂಬ್ರ ತಿರುಗುಸುವ ಎಸ್.ಟಿ.ಡಿ. 1960ರಲ್ಲಿ ಲಕ್ನೋ-ಕಾನ್ಪುರದ ನಡುಕೆ ಸುರು ಆತು. ಎಂಗಳ ಹಾಂಗಿಪ್ಪ ಊರಿಂಗೆ ಬಪ್ಪಗ ಮಕ್ಕೊ ದೊಡ್ಡಾಗಿತ್ತಿದ್ದವು. ಅಷ್ಟನ್ನಾರ ಬುಕ್ ಮಾಡಿ ಕಾಯೆಕ್ಕು. ಅರ್ಜೆಂಟ್ ಹೇಳಿರೆ ಎರಡು ಪಾಲು ಪೈಸೆ, ಲೈಟ್ನಿಂಗ್ ಹೇಳಿರೆ ಎಂಟು ಪಾಲು. ಲೈಟ್ನಿಂಗ್ ಕಾಲ್ ಬಂತು ಹೇಳಿರೆ ಮಾತು ಕೇಳೆಕ್ಕು ಹೇಳಿಯೇ ಇಲ್ಲೆ, ಆರೋ ಹೋದವು ಹೇಳಿ ಅಬ್ಬೆಯಕ್ಕೊ ಮದಲೇ ಕೂಗಲೆ ಸುರು ಮಾಡುಗು.

ಹಳ್ಳಿಗೆ ಫೋನು ಬಪ್ಪಲೆ ಮುಖ್ಯ ಕಾರಣ ಒಂದು ಸಣ್ಣ ಎಕ್ಸ್‌ಚೇಂಜು. ದಿಲ್ಲಿಲಿ 1984ರಲ್ಲಿ ಸಿ-ಡಾಟ್ ಹೇಳುವ ಸಂಸ್ಥೆ ಸುರು ಮಾಡಿದವು. ಪರದೇಶಂದ ತರುಸಿದ ಮಿಶನಿಂಗೆ ಏಸಿ ಬೇಕು, ಧೂಳು ಆಗ. ನಮ್ಮ ಊರಿನ ಸೆಕೆ, ಕರೆಂಟು ಹೋಪದು, ಎಲ್ಲ ತಡಕ್ಕೊಂಬ ಹಾಂಗಿಪ್ಪ 128 ಲೈನಿನ ಎಕ್ಸ್‌ಚೇಂಜು ಅವು ಮಾಡಿದವು. ಅದರ ಸುರುವಿಂಗೆ ಹಾಕಿದ್ದು ಎಲ್ಲಿ ಗೊಂತಿದ್ದಾ? ನಮ್ಮ ಕರ್ನಾಟಕದ ಕಿತ್ತೂರಿಲಿ, 1986ರಲ್ಲಿ. ಚೆನ್ನಮ್ಮನ ಕಿತ್ತೂರೇ.

128 ಲೈನು ಹೇಳಿರೆ ಲೆಕ್ಕ ಹಾಕಿ. ಸುತ್ತಿನ ಊರುಗೊಕ್ಕೆ ಎಲ್ಲ ಸೇರಿ ಅಷ್ಟು. ಹಾಂಗಾಗಿ ಹತ್ತು-ಹದಿನೈದು ಮನೆಗೆ ಒಂದು ಫೋನು. ಎಂಗಳ ಹೊಡೆಲಿ ಮನೆಗೊ ಒತ್ತಿಂಗೆ ಇಲ್ಲೆನ್ನೆ, ತೋಟದ ಕರೆಲಿ ಒಂದು, ಗುಡ್ಡೆಯ ಓರೆಲಿ ಒಂದು. ಫೋನಿಪ್ಪ ಮನೆಯವು ದೆನಿಗೇಳುದು ಹೇಳಿರೆ ಜಾಲಕರೆಲಿ ನಿಂದು ಕೂ ಹಾಕುದು, ಅದು ಕೇಳದ್ದರೆ ಮಾಣಿಯ ಓಡುಸುದು. ಸಂಕ ದಾಂಟಿ, ಅಗಳು ಹಾರಿ ಓಡಿಂಡು ಬಂದು ಫೋನು ಹಿಡಿವಗ ಅಲ್ಲಿ ಲೈನು ಕಡುದಿಕ್ಕು. ಮತ್ತೆ ಚಾವಡಿಲಿ ಕೂದು ಕಾಯೆಕ್ಕು. ಕಾವಗ ಆ ಮನೆಯ ಅಕ್ಕ ಮಜ್ಜಿಗೆ ನೀರು ಕೊಡುಗು, ಒಂದು ಕೈಲಿ ಅಕ್ಕಿ ಗೆರಸಿಯೂ ಇಕ್ಕು. ಫೋನಿನ ಬಿಲ್ಲು ಗೆಂಡುಮಕ್ಕಳ ಹೆಸರಿಂಗೆ ಬಂದರೂ ಫೋನು ಮಡಿಕ್ಕೊಂಡ ಮನೆಯ ಚಾಕರಿ ಪೂರ ಹೆಮ್ಮಕ್ಕಳದ್ದು. ಉದಿಯಪ್ಪಗ ದೋಸೆ ಕಲ್ಲಿಲಿ ಇಪ್ಪಗಳೇ ಫೋನು ಬಕ್ಕು. ಇರುಳು 2 ಗಂಟೆಗೆ ಸಾವಿನ ಶುದ್ದಿ ಬಂದರೆ, ಅದರ ಹೇಂಗೆ ಹೇಳುದು, ಪೂರ ಹೇಳುದಾ, “ರಜ ಜೋರಿದ್ದಡ, ಹೆರಡಿ” ಹೇಳಿ ಮಾಂತ್ರ ಹೇಳುದಾ, ಅದೂ ಅವ್ವೇ ಯೋಚನೆ ಮಾಡೆಕ್ಕು. ಸೂಟೆ ಕಟ್ಟಿಂಡು, ಮತ್ತೆ ಟಾರ್ಚು ಹಿಡ್ಕೊಂಡು, ಒಂದು ಮನೆಂದ ಇನ್ನೊಂದು ಮನೆಗೆ ಶುದ್ದಿ ಹೊತ್ತ ಆ ಜೆನಂಗಳ ಲೆಕ್ಕ ಯಾವ ಇಲಾಖೆಲಿಯೂ ಇಲ್ಲೆ.

ಜಗಳವೂ ಆಯಿದು, ಇಲ್ಲೆ ಹೇಳ್ಲೆ ಎಡಿಯ. ಎನಗೆ ಗೊಂತಿಪ್ಪ ಎರಡು ಮನೆಯವು ಫೋನಿನ ಬಿಲ್ಲಿನ ದೆಸೆಂದ ನಾಲ್ಕು ವರ್ಷ ಮಾತು ಬಿಟ್ಟಿತ್ತಿದ್ದವು. ಕರೆಲಿ ಒಂದು ಡಬ್ಬಿ ಮಡುಗುಗು, ಮಾತಾಡಿದವು ಪೈಸೆ ಹಾಕೆಕ್ಕು. ಹಾಕಿದವು ಹಾಕಿದೆ ಹೇಳುಗು, ಬಿಲ್ಲು ಬೇರೆ ಹೇಳುಗು. ಕಡೆಂಗೆ ಆ ಮನೆಲಿ ಡಯಲಿಂಗೆ ಸಣ್ಣ ಬೀಗ ಹಾಕಿದವು. ಬೀಗದ ಬಗ್ಗೆಯೇ ಮತ್ತೆ ಊರಿಲಿ ಹೆಚ್ಚು ಮಾತಾತು.

ಇನ್ನು ಆನು ಮುಖ್ಯವಾಗಿ ಹೇಳೆಕ್ಕು ಹೇಳಿ ಗ್ರೇಶಿದ್ದು. ಅಂದು ಫೋನು ಇಪ್ಪದು ಚಾವಡಿಲಿ, ಮಾವನ ಕುರ್ಶಿಯ ಹತ್ತರೆ. ಮಗಳಿಂಗೆ ಅಪ್ಪನ ಮನೆಂದ ಫೋನು ಬಂದರೆ ಸುತ್ತ ಹತ್ತು ಕೆಮಿ. ಆಚ ಹೊಡೆಲಿ ಅಬ್ಬೆ ನೆರೆಕರೆಯವರ ಚಾವಡಿಲಿ, ಅಲ್ಲಿಯೂ ಹತ್ತು ಕೆಮಿ. “ಹೇಂಗಿದ್ದೆ?” “ಒಳ್ಳೆದಿದ್ದೆ.” “ಅಲ್ಲಿ ಮಳೆಯಾ?” “ಇದ್ದು.” ಇಷ್ಟರಲ್ಲೇ ಮುಗಿತ್ತು. ಸುಖ ಇದ್ದೋ ಇಲ್ಲೆಯೋ ಸ್ವರಲ್ಲೇ ಕೇಳಿಗೊಳ್ಳೆಕ್ಕು. ಎಂಗಳ ಹತ್ರಾಣ ಒಂದು ಕೂಸು ಮದುವೆ ಅಪ್ಪ ಮದಲೇ ಅಬ್ಬೆ ಹತ್ರೆ ಮಾತಾಡಿ ಮಡಿಕ್ಕೊಂಡಿತ್ತು, “ಕೆಂಪು ದನ ಹಾಲು ಕೊಡ್ತಾ?” ಹೇಳಿ ಕೇಳಿರೆ ಆರನ್ನಾದರೂ ಕಳುಸೆಕ್ಕು ಹೇಳಿ. ಎರಡನೇ ವರ್ಷದ ಆಟಿಲಿ ಒಂದು ದಿನ ಅದು ದನದ ಶುದ್ದಿ ಕೇಳಿತ್ತು. ಮರದಿನವೇ ಅಣ್ಣ ಬಸ್ಸು ಹತ್ತಿದ. ಆ ಮನೆಲಿ ಕೆಂಪು ದನವೇ ಇತ್ತಿದ್ದಿಲ್ಲೆ. ಫೋನು ಹಿಡುದ ನೆರೆಕರೆ ಅಕ್ಕಂಗೆ ಅದು ಗೊಂತಿತ್ತು, ಆದರೂ ಅವು ಒಂದು ದಿನವೂ ಬಾಯಿ ಬಿಟ್ಟಿದವಿಲ್ಲೆ. ಹೀಂಗಿಪ್ಪ ಎಷ್ಟೋ ಗುಟ್ಟುಗಳ ಹೊಟ್ಟೆಲಿ ಮಡಿಕ್ಕೊಂಡ ಅಕ್ಕಂದ್ರು ಪ್ರತಿ ಊರಿಲಿಯೂ ಇತ್ತಿದ್ದವು.

ಹಾಂಗಾಗಿ ಎನ್ನ ಲೆಕ್ಕಲ್ಲಿ ಮೊಬೈಲಿಂದಲೂ ದೊಡ್ಡ ಬದಲಾವಣೆ ತಂದದು ಪೇಟೆಯ ಎಸ್.ಟಿ.ಡಿ. ಬೂತು. ಹಳದಿ ಬೋರ್ಡು, ಕನ್ನಾಟಿಯ ಗೂಡು, ಮೇಲೆ ಕೆಂಪು ಅಂಕೆ ಓಡುವ ಮೀಟರು. ಅದರಲ್ಲಿ ಎಷ್ಟೋ ಬೂತು ಹೆಮ್ಮಕ್ಕಳೋ, ಕಾಲು-ಕೈ ಊನ ಆದವೋ ನೆಡಶಿಂಡಿತ್ತಿದ್ದವು. ಇರುಳು ಹೊತ್ತು ಹೋದಾಂಗೆ ರೇಟು ಕಮ್ಮಿ, 11 ಗಂಟೆ ಕಳುದರೆ ಕಾಲಂಶ. ಹಾಸ್ಟೆಲಿನ ಮಕ್ಕೊ ಆ ಹೊತ್ತಿಂಗೆ ಸಾಲು ನಿಂಗು. ಆದರೆ ಎಂಗೊಗೆ ಅದರಿಂದ ಆದ ಉಪಕಾರ ಬೇರೆ. ಆ ಗೂಡಿನ ಬಾಗಿಲು ಹಾಕಿರೆ ಹೆರಾಣವಕ್ಕೆ ಕೂಗುದು ಕಾಂಗು, ಮಾತು ಕೇಳ. ಮದ್ದಿಂಗೆ, ಜವುಳಿಗೆ ಹೇಳಿ ಪೇಟೆಗೆ ಬಂದ ಹೆಮ್ಮಕ್ಕೊ ಐದು ನಿಮಿಷ ಅಬ್ಬೆ ಹತ್ರೆ ಮನಸ್ಸು ಬಿಚ್ಚಿ ಮಾತಾಡ್ಲೆ ಸುರು ಮಾಡಿದ್ದು ಅಲ್ಲಿಯೇ.

ಮೊಬೈಲಿನ ಕತೆ ನಿಂಗೊಗೆ ಗೊಂತಿಪ್ಪದೇ. 1995ರ ಜುಲೈ 31ಕ್ಕೆ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತಂದ ದಿಲ್ಲಿಲಿದ್ದ ಮಂತ್ರಿ ಸುಖರಾಮಂಗೆ ಮಾಡಿದ್ದು ಸುರುವಾಣ ಕಾಲ್. ಬಂದ ಕಾಲ್ ತೆಗದರೂ ಪೈಸೆ ಕೊಡೆಕ್ಕಾಗಿತ್ತು, ಅದು 2003ರಲ್ಲಿ ನಿಂದತ್ತು. ಮತ್ತೆ ಮಿಸ್ಡ್ ಕಾಲಿನ ಕಾಲ ಬಂತು. ಒಂದು ಕೊಟ್ಟರೆ ಎತ್ತಿದೆ, ಎರಡು ಕೊಟ್ಟರೆ ಬಸ್‌ಸ್ಟ್ಯಾಂಡಿಂಗೆ ಬಾ. ಪೈಸೆ ಖರ್ಚಿಲ್ಲದ್ದೆ ಸಂಸಾರ ನೆಡಶುದರ ನಮ್ಮವಕ್ಕೆ ಹೇಳಿಕೊಡೆಕ್ಕಾ?

ಈಗ ಕೆಸೆತಲ್ಲಿ, ತಲೆಕೊಂಬಿನ ಅಡಿಲಿ, ಎಲ್ಲ ಕಡೆ ಫೋನು. ಕಿರಿಕಿರಿಯೂ ಅಷ್ಟೇ. ಮಜ್ಜಾನ ರಜ ಮನುಗುವ ಹೇಳಿರೆ ಸಾಲ ಬೇಕಾ, ಸೈಟು ಬೇಕಾ ಹೇಳಿ ಆರೋ ಕೇಳ್ತವು. ಮಾರಾಟದವು ಮಾಡ್ಲಾಗ ಹೇಳಿ ನಂಬ್ರ ಬರಶುವ ವ್ಯವಸ್ಥೆ 2007ರಲ್ಲೇ ಬಯಿಂದು, ಮತ್ತೆ 140ರಿಂದ ಸುರು ಅಪ್ಪ ನಂಬ್ರ ಅವಕ್ಕೆ ಹೇಳಿಯೂ ಆತು. ಆದರೂ ಬೇರೆ ಬೇರೆ ನಂಬ್ರಂದ ಬತ್ತದು ನಿಂದಿದಿಲ್ಲೆ. ವಾಟ್ಸಾಪಿಲಿ ಉದಿಯಪ್ಪಗ 5 ಗಂಟೆಗೇ ಹೂಗಿನ ಪಟ ಕಳುಸುವ ಅತ್ತಿಗೆಯಕ್ಕೊಗೆ ಎನ್ನ ನಮಸ್ಕಾರ, ಅದರ ಉಪದ್ರ ಹೇಳಿ ಆನು ಹೇಳ್ತಿಲ್ಲೆ. ಬದುಕಿದ್ದವು ಹೇಳಿ ಗೊಂತಾವುತ್ತನ್ನೆ.

ಆದರೆ ಡಿಜಿಟಲ್ ಅರೆಸ್ಟ್ ಹೇಳುವ ಮೋಸದ ಬಗ್ಗೆ ಓದುವಗ ಎನಗೆ ಆ ಚಾವಡಿ ಫೋನು ನೆಂಪಾತು. ಪೋಲೀಸು, ಸಿ.ಬಿ.ಐ. ಹೇಳಿ ವೀಡಿಯೋಲಿ ಬತ್ತವು, ಒಂದು ಕೋಣೆಲಿ ಕೂರುಸುತ್ತವು, ಮನೆಲಿ ಆರ ಹತ್ರೆಯೂ ಹೇಳ್ಲಾಗ, ಫೋನು ಮಡುಗುಲಾಗ ಹೇಳ್ತವು. ಅದು ನೆಡವದೇ ಆ “ಹೇಳ್ಲಾಗ”ಂದ. ಅಂದು ಚಾವಡಿಲಿ ಹತ್ತು ಕೆಮಿ ಇಪ್ಪಗ ಹೀಂಗಿಪ್ಪ ಕಾಲ್ ಬಂದಿದ್ದರೆ, ಎರಡನೇ ಮಾತಿಂಗೇ ದೊಡ್ಡಬ್ಬೆ “ಆರದು, ಎಂತಡ?” ಹೇಳಿ ರಿಸೀವರು ಎಳಕ್ಕೊಳ್ಳುಗು. ಮಗಳ ಬಾಯಿ ಕಟ್ಟಿದ್ದೂ ಅದೇ ಕೆಮಿಗೊ, ಕಳ್ಳನ ಓಡುಸುವದೂ ಅದೇ ಕೆಮಿಗೊ. ಕಾನೂನಿಲಿ ಡಿಜಿಟಲ್ ಅರೆಸ್ಟ್ ಹೇಳುದೇ ಇಲ್ಲೆ. ಹಾಂಗೆ ಆರಾದರೂ ಮಾಡಿರೆ ಫೋನು ಕಡುದು, ಮನೆಲಿ ಇಪ್ಪವರ ದೆನಿಗೇಳಿ, ಮತ್ತೆ 1930ಕ್ಕೆ ಮಾಡಿ. ಒಬ್ಬನೇ ಇಪ್ಪ ಅಜ್ಜಂದ್ರಿಂಗೆ, ಅಜ್ಜಿಯಕ್ಕೊಗೆ ಈ ನಂಬ್ರವ ಕ್ಯಾಲೆಂಡರಿನ ಕರೆಲಿ ದೊಡ್ಡಕೆ ಬರದು ಕೊಡಿ.

ಎನ್ನ ಅತ್ತೆಗೆ ಈಗ 84. ಅವು ಮೊಬೈಲಿಲಿ ಮಾತಾಡುದು ಆಚ ಮನೆಗೂ ಕೇಳ್ತು. ಪುಳ್ಳಿಯಕ್ಕೊ ನೆಗೆ ಮಾಡ್ತವು. ಟ್ರಂಕ್ ಕಾಲಿನ ಲೈನಿಲಿ ಬೊಬ್ಬೆ ಹೊಡೆಯದ್ದರೆ ಬೊಂಬಾಯಿಗೆ ಎತ್ತಿಂಡಿತ್ತಿಲ್ಲೆ. ಮಗ ಈಗ ಇಪ್ಪದು ಅದರಿಂದಲೂ ದೂರ, ಹಾಂಗಾಗಿ ಸ್ವರ ಇನ್ನೂ ರಜ ದೊಡ್ಡ ಮಾಡೆಕ್ಕು ಹೇಳಿ ಅವರ ಲೆಕ್ಕ.